ಶಿಬಿರ ಮುಗಿದ ಮರುದಿನ ಏನು?

ಪ್ರಶ್ನೆ: ಕುಮಟಾ ಮತ್ತು ಅಂಕೋಲಾ ನಡುವಿನ ಒಂದು ಕರಾವಳಿ ಊರು ನಮ್ಮದು. ನಮ್ಮ ಯುವಕ ಸಂಘ ನಾಲ್ಕು ವರ್ಷಗಳಿಂದ ವಿಶ್ವ ಮಧುಮೇಹ ದಿನದ ಹೊತ್ತಿಗೆ ಉಚಿತ ಸಕ್ಕರೆ ತಪಾಸಣೆ ಶಿಬಿರ ನಡೆಸುತ್ತ ಬಂದಿದೆ. ಜನ ಬರುತ್ತಾರೆ, ಪತ್ರಿಕೆಯಲ್ಲಿ ಫೋಟೊ ಬರುತ್ತದೆ. ಆದರೆ ಕಳೆದ ವರ್ಷ ‘ಸಕ್ಕರೆ ಹೆಚ್ಚಿದೆ’ ಎಂದು ಹೇಳಿಸಿಕೊಂಡವರಲ್ಲಿ ಅನೇಕರು ಈ ವರ್ಷವೂ ಅದೇ ಸಾಲಿನಲ್ಲಿ ನಿಂತಿದ್ದರು. ನಡುವೆ ಒಮ್ಮೆಯೂ ವೈದ್ಯರನ್ನು ಕಂಡಿರಲಿಲ್ಲ. ಶಿಬಿರವನ್ನು ಇನ್ನೂ ದೊಡ್ಡದು ಮಾಡಬೇಕೇ? ಗಂಜಿ ಬಿಟ್ಟು ಚಪಾತಿಗೆ ಬನ್ನಿ ಎಂದು ನಾವು ಹೇಳುತ್ತಿರುವುದು ಸರಿಯೇ? ‘ಮಾತ್ರೆ ಒಮ್ಮೆ ಶುರುವಾದರೆ ಸಾಯುವ ತನಕ ಬಿಡಲಾಗದು’ ಎನ್ನುವವರಿಗೆ ಏನು ಹೇಳುವುದು?
– ಸಂಘದ ಕಾರ್ಯದರ್ಶಿ

ಉತ್ತರ: ಕಳೆದ ವರ್ಷದವರೇ ಈ ವರ್ಷವೂ ಸಾಲಿನಲ್ಲಿದ್ದರು ಎಂಬ ನಿಮ್ಮ ಮಾತನ್ನು ಎರಡು ಸಲ ಓದಿದೆ. ಶಿಬಿರ ನಡೆಸುವವರು ಇದನ್ನು ಗಮನಿಸುವುದೇ ಅಪರೂಪ, ಗಮನಿಸಿದರೂ ಬರೆಯುವುದಿಲ್ಲ. ಮತ್ತೆ ಸಾಲಿಗೆ ಬಂದವರ ಮಟ್ಟಿಗೆ ನಿಮ್ಮ ಶಿಬಿರವೇ ಚಿಕಿತ್ಸೆಯಾಗಿಬಿಟ್ಟಿದೆ. ವರ್ಷಕ್ಕೊಮ್ಮೆ ಬೆರಳು ಚುಚ್ಚಿಸಿಕೊಂಡು, ಸಂಖ್ಯೆ ಕೇಳಿ, ‘ಓಹೋ, ಹೋದ ವರ್ಷಕ್ಕಿಂತ ಇಪ್ಪತ್ತು ಕಡಿಮೆ’ ಎಂದು ಸಮಾಧಾನಪಟ್ಟು ಮನೆಗೆ ಹೋಗುತ್ತಾರೆ. ದೊಡ್ಡ ಶಾಮಿಯಾನ ಹಾಕಿದರೆ ಈ ಸಾಲು ಉದ್ದವಾಗುತ್ತದೆ, ಅಷ್ಟೇ. ಹಾಗಾಗಿ ಮೊದಲ ಪ್ರಶ್ನೆಗೆ ನೇರ ಉತ್ತರ: ಬೇಡ. ಆ ದುಡ್ಡಿನಲ್ಲಿ ಒಂದು ಗಟ್ಟಿ ರಟ್ಟಿನ ರಿಜಿಸ್ಟರ್ ಕೊಳ್ಳಿ. ಉಳಿದದ್ದಕ್ಕೆ ಏನು ಮಾಡಬಹುದೆಂದು ಮುಂದೆ ಹೇಳುತ್ತೇನೆ.

ಅದಕ್ಕೂ ಮೊದಲು ನನ್ನದೇ ಒಂದು ಶಿಬಿರದ ಕಥೆ. ಬಹಳ ವರ್ಷಗಳ ಹಿಂದೆ, ಮೇ ತಿಂಗಳಲ್ಲಿ, ಅಂಕೋಲೆಯ ಹತ್ತಿರ. ಕರಿಇಶಾಡ ಮಾವಿನ ಕಾಲ. ಮಧ್ಯಾಹ್ನದ ಹೊತ್ತಿಗೆ ಒಬ್ಬ ಹಿರಿಯರು ಬಂದು ಕೈ ಚಾಚಿದರು. ಗ್ಲುಕೋಮೀಟರ್ 300 ದಾಟಿ ತೋರಿಸಿತು. ಅವರ ಮುಖ ಬಿಳಿಚಿಕೊಂಡಿತು. ಜೊತೆಗೆ ಬಂದಿದ್ದ ಸೊಸೆ ಆಗಲೇ ಕಣ್ಣೊರೆಸಿಕೊಳ್ಳತೊಡಗಿದ್ದಳು. ನಮ್ಮ ದಾದಿ ಮಾತ್ರ ಅವರ ಬೆರಳನ್ನು ಮೂಗಿನ ಹತ್ತಿರ ಹಿಡಿದು ಮೂಸಿ ನೋಡಿ, ‘ಅಜ್ಜ, ಈಗ ಮಾವಿನಹಣ್ಣು ತಿಂದು ಬಂದಿರಾ?’ ಎಂದು ಕೇಳಿದಳು. ಸಿಪ್ಪೆ ಸುಲಿದು ತಿಂದು, ಕೈಯನ್ನು ಪಂಚೆಗೆ ಒರೆಸಿಕೊಂಡು ಬಂದಿದ್ದರು. ಸಾಬೂನಿನಿಂದ ತೊಳೆಸಿ ಇನ್ನೊಮ್ಮೆ ಚುಚ್ಚಿದಾಗ 118. ಬೆರಳಿನ ಮೇಲಿದ್ದ ಹಣ್ಣಿನ ರಸದ ಸಕ್ಕರೆಯನ್ನೂ ಯಂತ್ರ ರಕ್ತದ ಸಕ್ಕರೆಯೆಂದೇ ಎಣಿಸಿತ್ತು. ಸ್ಪಿರಿಟ್ ಹತ್ತಿಯಿಂದ ಒರೆಸಿದರೆ ಸಾಕು ಎಂದುಕೊಂಡಿದ್ದ ನನಗೆ ಅಂದು ನಾಚಿಕೆಯಾಯಿತು. ಅವರಿಗಿಂತ ಮೊದಲು ಸಾಲಿನಲ್ಲಿ ಹೋದವರಲ್ಲಿ ಎಷ್ಟು ಜನ ಮಾವು ತಿಂದು ಬಂದಿದ್ದರೋ! ಅವರ ಚೀಟಿಗಳೆಲ್ಲ ಆಗಲೇ ಮನೆ ಸೇರಿದ್ದವು.

ನಿಮ್ಮ ಶಿಬಿರದ ಸಂಖ್ಯೆ ರೋಗನಿರ್ಣಯವಲ್ಲ, ಬಾಗಿಲು ತಟ್ಟಿದ ಸದ್ದು ಮಾತ್ರ. ಸರಕಾರಿ ಕಾರ್ಯಕ್ರಮದ ನಿಯಮದಂತೆ, ಯಾವುದೇ ಹೊತ್ತಿನಲ್ಲಿ ನೋಡಿದ ಬೆರಳ ರಕ್ತದ ಸಕ್ಕರೆ ಡೆಸಿಲೀಟರಿಗೆ 140 ಮಿಲಿಗ್ರಾಂ ದಾಟಿದ್ದರೆ ಆ ವ್ಯಕ್ತಿಯನ್ನು ವೈದ್ಯಾಧಿಕಾರಿಯ ಬಳಿಗೆ ಕಳುಹಿಸಬೇಕು. ರೋಗವಿದೆ ಎಂದು ಹೇಳಬೇಕಾದರೆ ರಾತ್ರಿಯಿಡೀ ಉಪವಾಸವಿದ್ದು ಬೆಳಿಗ್ಗೆ ಕೊಟ್ಟ ರಕ್ತದಲ್ಲಿ 126 ಅಥವಾ ಅದಕ್ಕಿಂತ ಹೆಚ್ಚು, ಇಲ್ಲವೇ 75 ಗ್ರಾಂ ಗ್ಲುಕೋಸ್ ಕುಡಿದ ಎರಡು ಗಂಟೆಯ ಬಳಿಕ 200 ಅಥವಾ ಹೆಚ್ಚು, ಇಲ್ಲವೇ ಎಚ್‌ಬಿಎ1ಸಿ ಎಂಬ ರಕ್ತಪರೀಕ್ಷೆಯಲ್ಲಿ ಶೇ 6.5 ಅಥವಾ ಹೆಚ್ಚು ಇರಬೇಕು. ಬಾಯಾರಿಕೆ, ಪದೇ ಪದೇ ಮೂತ್ರ, ತೂಕ ಇಳಿಯುವಂಥ ಲಕ್ಷಣಗಳಿಲ್ಲದಿದ್ದರೆ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ ಖಚಿತಪಡಿಸಿಕೊಳ್ಳಬೇಕು. ಎಚ್‌ಬಿಎ1ಸಿ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುತ್ತದೆ, ಉಪವಾಸವೂ ಬೇಡ. ಆದರೆ ರಕ್ತಹೀನತೆ ಇರುವವರಲ್ಲಿ ಅದು ದಾರಿ ತಪ್ಪಿಸಬಹುದು, ನಮ್ಮ ಹೆಂಗಸರಲ್ಲಿ ರಕ್ತಹೀನತೆ ಎಷ್ಟೆಂಬುದು ನಿಮಗೂ ಗೊತ್ತು. ಅಂದಹಾಗೆ, ಗ್ಲುಕೋಮೀಟರ್ ಪಟ್ಟಿಗಳಿಗೆ ನಮ್ಮ ಕರಾವಳಿಯ ತೇವ ದೊಡ್ಡ ಶತ್ರು. ಡಬ್ಬಿಯ ಮುಚ್ಚಳ ತೆರೆದಿಟ್ಟುಕೊಂಡೇ ಕುಳಿತು ಪರೀಕ್ಷಿಸುವ ಸ್ವಯಂಸೇವಕರನ್ನು ಕಂಡರೆ ನಾನು ಗದರುತ್ತೇನೆ. ಒಂದು ಪಟ್ಟಿ ತೆಗೆದ ಕೂಡಲೇ ಮುಚ್ಚಿ.

ಈಗ ರಿಜಿಸ್ಟರಿನ ವಿಷಯ. ನಿಮ್ಮ ಊರಿನಲ್ಲಿ ಈ ಕೆಲಸಕ್ಕೆ ವ್ಯವಸ್ಥೆಯೇ ಇಲ್ಲ ಎಂದು ಭಾವಿಸಬೇಡಿ. ಮಧುಮೇಹ, ರಕ್ತದೊತ್ತಡ, ಕ್ಯಾನ್ಸರ್ ಮೊದಲಾದವುಗಳಿಗಾಗಿ ಕೇಂದ್ರ ಸರಕಾರದ ಕಾರ್ಯಕ್ರಮ 2010ರಲ್ಲಿ ಆರಂಭವಾಯಿತು, 2023ರಲ್ಲಿ ಅದಕ್ಕೆ ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮ ಎಂಬ ಹೊಸ ಹೆಸರು ಬಂತು. 30 ವರ್ಷ ದಾಟಿದ ಪ್ರತಿಯೊಬ್ಬರಿಗೂ ಆಶಾ ಕಾರ್ಯಕರ್ತೆ ಒಂದು ಪ್ರಶ್ನಾವಳಿ ತುಂಬಬೇಕು: ವಯಸ್ಸು, ತಂಬಾಕು, ಮದ್ಯ, ಸೊಂಟದ ಸುತ್ತಳತೆ, ದೈಹಿಕ ಚಟುವಟಿಕೆ, ಮನೆತನದ ರೋಗ. ಅಂಕ ನಾಲ್ಕಕ್ಕಿಂತ ಹೆಚ್ಚಾದವರನ್ನು ಮೊದಲು ಪರೀಕ್ಷೆಗೆ ಕರೆಯಬೇಕು. ಹಳೆಯ ಉಪಕೇಂದ್ರಗಳು ಈಗ ಆಯುಷ್ಮಾನ್ ಆರೋಗ್ಯ ಮಂದಿರಗಳಾಗಿವೆ, ಅಲ್ಲಿ ಸಮುದಾಯ ಆರೋಗ್ಯ ಅಧಿಕಾರಿ ಇರುತ್ತಾರೆ, ಸಾಮಾನ್ಯ ಮಾತ್ರೆಗಳು ಉಚಿತ. ರಾಜ್ಯ ಸರಕಾರ 2024ರಲ್ಲಿ ಕೋಲಾರದಿಂದ ಆರಂಭಿಸಿದ ‘ಗೃಹ ಆರೋಗ್ಯ’ ಯೋಜನೆಯೂ ಮನೆಬಾಗಿಲಿಗೇ ಹೋಗಿ ತಪಾಸಣೆ ಮಾಡುವ ಉದ್ದೇಶದ್ದೇ.

ಕೊಂಡಿ ತಪ್ಪುವುದು ಎಲ್ಲಿ ಎಂದರೆ, ನಿಮ್ಮ ಶಿಬಿರದ ಹಾಳೆ ನಿಮ್ಮ ಕಪಾಟಿನಲ್ಲಿದೆ, ಆಶಾಳ ಹಾಳೆ ಅವಳ ಚೀಲದಲ್ಲಿದೆ, ಖಾಸಗಿ ಪ್ರಯೋಗಾಲಯದ ವರದಿ ರೋಗಿಯ ಟ್ರಂಕಿನ ತಳದಲ್ಲಿದೆ. ಮೂರನ್ನೂ ಎದುರುಬದುರು ಇಟ್ಟು ನೋಡಿದವರು ಯಾರೂ ಇಲ್ಲ. ಆದ್ದರಿಂದ ನಾಲ್ಕು ವರ್ಷದ ನಿಮ್ಮ ಹಾಳೆಗಳನ್ನು ತೆಗೆಯಿರಿ. 140 ದಾಟಿದ ಪ್ರತಿಯೊಬ್ಬರ ಹೆಸರನ್ನೂ ಒಂದು ಪುಟಕ್ಕೆ ಒಬ್ಬರಂತೆ ಬರೆಯಿರಿ. ಆಶಾಳನ್ನು ಕೂರಿಸಿಕೊಂಡು ಒಂದೊಂದೇ ಹೆಸರು ಓದಿ: ಇವರು ಎರಡನೆಯ ಪರೀಕ್ಷೆ ಮಾಡಿಸಿದರೇ? ಮಾತ್ರೆ ಎಲ್ಲಿಂದ ತರುತ್ತಾರೆ? ಕೊನೆಯ ಸಲ ಯಾವಾಗ ತಂದರು? ಈ ಮೂರಕ್ಕೂ ಉತ್ತರ ಸಿಗದವರೇ ನಿಮ್ಮ ಕೆಲಸ. ಆ ಪುಟಗಳನ್ನು ಬೇರೆಯವರಿಗೆ ತೋರಿಸುವಂತಿಲ್ಲ ಎಂಬುದನ್ನು ಸಂಘದ ಹುಡುಗರಿಗೆ ಮೊದಲೇ ಕಟ್ಟುನಿಟ್ಟಾಗಿ ಹೇಳಿ. ಮದುವೆಗೆ ಬಂದ ಮಗಳಿರುವ ಮನೆಯಲ್ಲಿ ತಾಯಿಯ ಸಕ್ಕರೆಯ ಸುದ್ದಿ ಹರಡಿದರೆ ಮುಂದಿನ ವರ್ಷ ನಿಮ್ಮ ಮುಂದೆ ಬೆರಳು ಚಾಚಲು ಒಬ್ಬರೂ ಬರುವುದಿಲ್ಲ.

ಇನ್ನೊಂದು ಪ್ರಶ್ನೆಯನ್ನು ನೀವು ಕೇಳಿಲ್ಲ, ನಾನೇ ಕೇಳುತ್ತೇನೆ. ನಿಮ್ಮ ಶಿಬಿರಕ್ಕೆ ಬಾರದವರು ಯಾರು? ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಶಿಬಿರ ಎಂದರೆ ನಿವೃತ್ತರು, ಮನೆಯಲ್ಲಿರುವವರು, ಆಗಲೇ ಸಕ್ಕರೆಯ ಬಗ್ಗೆ ಆತಂಕವಿರುವವರು ಬರುತ್ತಾರೆ. ಬುಟ್ಟಿ ಹೊತ್ತು ಮೀನು ಮಾರುವ ಹೆಂಗಸು ಆ ಹೊತ್ತಿಗೆ ಮೂರನೆಯ ಕೇರಿಯಲ್ಲಿರುತ್ತಾಳೆ. ಬೋಟಿನ ಗಂಡಸರು ಕಡಲಲ್ಲಿರುತ್ತಾರೆ. ನವೆಂಬರ್ ಎಂದರೆ ಮೀನುಗಾರಿಕೆ ಜೋರಾಗಿ ನಡೆಯುವ ಕಾಲ, ಮೀನುಗಾರರ ಊರಿನಲ್ಲಿ ಮಧುಮೇಹ ಶಿಬಿರಕ್ಕೆ ಅದಕ್ಕಿಂತ ತಪ್ಪು ತಿಂಗಳಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಊರಿನ ಗಂಡಸರು ಮನೆಯಲ್ಲೋ ಬಲೆ ದುರಸ್ತಿಯ ಚಪ್ಪರದಲ್ಲೋ ಸಿಗುವುದು ಆ ಎರಡು ತಿಂಗಳು ಮಾತ್ರ. ಮಳೆ ಹೊಯ್ಯುತ್ತಿರುತ್ತದೆ, ನಿಜ. ಆದರೆ ಬಲೆ ಹೆಣೆಯುವವನ ಪಕ್ಕದಲ್ಲಿ ಕುಳಿತು ಟೇಪು ಹಿಡಿಯುವುದಕ್ಕೆ ಶಾಮಿಯಾನ ಬೇಕಿಲ್ಲ. ಘಟ್ಟದ ಮೇಲೆ ಲೆಕ್ಕ ಬೇರೆ. ಶಿರಸಿ, ಸಿದ್ದಾಪುರದ ತೋಟದ ಮನೆಗಳಲ್ಲಿ ಕೊನೆಕೊಯ್ಲಿನ (ಅಡಿಕೆ ಗೊನೆ ಕೊಯ್ಯುವ) ಹೊತ್ತಿಗೆ ಹಗಲು ಯಾರೂ ಸಿಗುವುದಿಲ್ಲ, ರಾತ್ರಿ ಅಡಿಕೆ ಸುಲಿಯಲು ಹತ್ತಾರು ಜನ ಒಂದೇ ಅಂಗಳದಲ್ಲಿ ಕುಳಿತಿರುತ್ತಾರೆ. ನಾನು ಕೊಟ್ಟ ಆರೋಗ್ಯ ಭಾಷಣಗಳಲ್ಲಿ ಜನ ನಿಜವಾಗಿ ಕೇಳಿಸಿಕೊಂಡದ್ದು ಆ ಅಂಗಳಗಳಲ್ಲಿ ಮಾತ್ರ. ಕೈ ಮೆಟ್ಟುಗತ್ತಿಯ ಮೇಲೆ, ಕಿವಿ ನನ್ನ ಕಡೆ. (ಕವಳ ಹಾಕಿಕೊಂಡೇ ಕೇಳುತ್ತಿದ್ದರು ಎಂಬುದು ಬೇರೆ ಮಾತು. ಅಡಿಕೆ ಕ್ಯಾನ್ಸರ್‌ಕಾರಕ ಎಂಬುದು 2004ರಲ್ಲೇ ತೀರ್ಮಾನವಾದ ಸಂಗತಿ. ಹೆಚ್ಚು ಅಡಿಕೆ ಜಗಿಯುವವರಲ್ಲಿ ಮಧುಮೇಹವೂ ಹೆಚ್ಚು ಕಂಡುಬರುತ್ತದೆ ಎಂದು ತೈವಾನಿನ ಅಧ್ಯಯನಗಳು ಹೇಳುತ್ತವೆ. ಇದನ್ನು ಶಿರಸಿಯಲ್ಲಿ ಹೇಳಿ ಚಹಾ ಕುಡಿದು ಬರುವುದು ಸುಲಭವಲ್ಲ, ಆದರೂ ಹೇಳಿದ್ದೇನೆ.)

ಟೇಪು ಎಂದೆನಲ್ಲ, ಅದಕ್ಕೆ ಕಾರಣವಿದೆ. ಚೆನ್ನೈನ ತಜ್ಞರು ರೂಪಿಸಿದ ಭಾರತೀಯ ಮಧುಮೇಹ ಅಪಾಯ ಸೂಚಿ ಎಂಬ ಲೆಕ್ಕಕ್ಕೆ ರಕ್ತವೇ ಬೇಡ. ವಯಸ್ಸು 35ರಿಂದ 49 ಇದ್ದರೆ 20 ಅಂಕ, 50 ದಾಟಿದರೆ 30. ಸೊಂಟ ಗಂಡಸರಿಗೆ 90ರಿಂದ 99 ಸೆಂ.ಮೀ., ಹೆಂಗಸರಿಗೆ 80ರಿಂದ 89 ಇದ್ದರೆ 10, ಅದನ್ನೂ ಮೀರಿದರೆ 20. ಬೆವರಿಳಿಯುವ ಕೆಲಸವಿದ್ದರೆ ಸೊನ್ನೆ, ಅಲ್ಪಸ್ವಲ್ಪ ಓಡಾಟವಿದ್ದರೆ 20, ಏನೂ ಇಲ್ಲದಿದ್ದರೆ 30. ತಂದೆತಾಯಿಯರಲ್ಲಿ ಒಬ್ಬರಿಗೆ ಸಕ್ಕರೆ ಕಾಯಿಲೆಯಿದ್ದರೆ 10, ಇಬ್ಬರಿಗೂ ಇದ್ದರೆ 20. ಒಟ್ಟು 60 ಅಥವಾ ಹೆಚ್ಚಾದರೆ ಅಪಾಯ ಹೆಚ್ಚು. ನಿಮ್ಮೂರಿನ ಒಬ್ಬ ಬೋಟ್ ಮಾಲೀಕನನ್ನು ಊಹಿಸಿಕೊಳ್ಳಿ. ವಯಸ್ಸು 52, ಸೊಂಟ 96, ತಾಯಿಗೆ ಸಕ್ಕರೆ ಇತ್ತು, ಬಲೆ ಎಳೆಯುವುದನ್ನು ಬಿಟ್ಟು ಬಹಳ ಕಾಲವಾಯಿತು, ಈಗ ಬಂದರಿನಲ್ಲಿ ಅಲ್ಪಸ್ವಲ್ಪ ಓಡಾಡಿಕೊಂಡು ಲೆಕ್ಕ ಬರೆಯುತ್ತಾನೆ. 30, 10, 10, 20, ಒಟ್ಟು 70. ಅವನ ಬೆರಳು ಚುಚ್ಚುವ ಮೊದಲೇ ನಿಮಗೆ ಗೊತ್ತು. ಇಂಥವರಿಗೆ ಮಾತ್ರ ಗ್ಲುಕೋಮೀಟರ್ ಪಟ್ಟಿ ಬಳಸಿದರೆ ನಿಮ್ಮ ಖರ್ಚು ಎಷ್ಟು ಇಳಿಯುತ್ತದೆ ನೋಡಿ.

ಆ ಬೋಟ್ ಮಾಲೀಕನೇ ನಮ್ಮ ಕರಾವಳಿಯ ಕಥೆ ಕೂಡ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದಾದ್ಯಂತ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಮಧುಮೇಹ ಇರುವವರ ಪ್ರಮಾಣ ದೇಶದ ಸರಾಸರಿಯಲ್ಲಿ ಶೇ 11.4. ಎಲ್ಲ ರಾಜ್ಯಗಳಿಗಿಂತ ಹೆಚ್ಚು ಕಂಡದ್ದು ಗೋವಾದಲ್ಲಿ, ಶೇ 26.4. ಮಾಜಾಳಿ ದಾಟಿದರೆ ಗೋವಾ. ಅದೇ ಕಡಲು, ಅದೇ ಬಂಗಡೆ, ಅದೇ ಕೆಂಪಕ್ಕಿ ಅನ್ನ. ಗಡಿಯ ಈಚೆ ಅಷ್ಟೇ ಇದೆ ಎಂದು ನಾನು ಹೇಳುತ್ತಿಲ್ಲ, ಆದರೆ ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ತಿಳಿಯಲು ಅಷ್ಟು ಸಾಕು. ನನ್ನ ಬಾಲ್ಯದಲ್ಲಿ ದೋಣಿಗೆ ಹುಟ್ಟು ಹಾಕುತ್ತಿದ್ದವರು ದಿನಕ್ಕೆ ಮೂರು ಹೊತ್ತು ತಟ್ಟೆ ತುಂಬ ಅನ್ನ ಉಣ್ಣುತ್ತಿದ್ದರು, ಉಂಡದ್ದು ಸಂಜೆಯೊಳಗೆ ಕರಗುತ್ತಿತ್ತು. ಹುಟ್ಟಿನ ಜಾಗಕ್ಕೆ ಎಂಜಿನ್ ಬಂತು, ಕಾಲಿನ ಜಾಗಕ್ಕೆ ಸ್ಕೂಟರ್ ಬಂತು, ತಟ್ಟೆ ಮಾತ್ರ ಅಷ್ಟೇ ದೊಡ್ಡದಾಗಿ ಉಳಿಯಿತು.

ಇಲ್ಲಿಂದಲೇ ನಿಮ್ಮ ಎರಡನೆಯ ಪ್ರಶ್ನೆಗೆ ಬರೋಣ. ಗಂಜಿ ಬಿಟ್ಟು ಚಪಾತಿಗೆ ಬನ್ನಿ ಎಂದು ದಯವಿಟ್ಟು ಹೇಳಬೇಡಿ. ಕುಚ್ಚಲಕ್ಕಿ ಬಿಳಿ ಬೆಳ್ತಿಗೆಗಿಂತ ವಾಸಿ, ಅದರ ಸಕ್ಕರೆ ರಕ್ತಕ್ಕೆ ಸ್ವಲ್ಪ ನಿಧಾನವಾಗಿ ಸೇರುತ್ತದೆ. ಆದರೆ ವಾಸಿ ಎಂದು ಎರಡು ತಟ್ಟೆ ಉಂಡರೆ ಆ ಲಾಭ ಅಲ್ಲೇ ಮುಗಿಯಿತು. ಗೋವಾದ ಅಂಕಿ ಕೊಟ್ಟ ಅದೇ ಸಂಶೋಧನಾ ಬಳಗ 2025ರಲ್ಲಿ ಪ್ರಕಟಿಸಿದ ಆಹಾರದ ವಿಶ್ಲೇಷಣೆಯ ಪ್ರಕಾರ ಭಾರತೀಯರ ಆಹಾರಶಕ್ತಿಯಲ್ಲಿ ಸುಮಾರು ಶೇ 62 ಪಿಷ್ಟದಿಂದಲೇ (ಕಾರ್ಬೋಹೈಡ್ರೇಟ್) ಬರುತ್ತದೆ. ಒಟ್ಟು ಪಿಷ್ಟವನ್ನು ಕಡಿಮೆ ಮಾಡದೆ ಅಕ್ಕಿಯ ಜಾಗಕ್ಕೆ ಗೋಧಿಯನ್ನೋ ಸಿರಿಧಾನ್ಯವನ್ನೋ ತಂದರೆ ಅಪಾಯ ಇಳಿಯುವುದಿಲ್ಲ, ಪಿಷ್ಟದ ಒಂದು ಪಾಲನ್ನು ಪ್ರೋಟೀನಿಗೆ ಬಿಟ್ಟುಕೊಟ್ಟರೆ ಇಳಿಯುತ್ತದೆ. ಸಕ್ಕರೆ ಕಾಯಿಲೆಗೆಂದು ರಾಗಿ ರೊಟ್ಟಿ ನಾಲ್ಕು ತಿನ್ನುವವರು ಇದನ್ನು ಕೇಳಿ ಬೇಸರಪಡುತ್ತಾರೆ, ಇರಲಿ. ಮೀನು ಸಿಗುವ ಊರಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಇನ್ನೇನಿದೆ? ಅನ್ನದ ಗುಡ್ಡ ಅರ್ಧಕ್ಕೆ ಇಳಿಯಲಿ, ಬಂಗಡೆ ಅಥವಾ ತಾರಲೆಯ ಸಾರು ಒಂದು ಸೌಟು ಹೆಚ್ಚಲಿ, ಪಕ್ಕದಲ್ಲಿ ಬಸಳೆಯೋ ಹರಿವೆಯೋ ಧಾರಾಳ ಇರಲಿ. ರವೆ ಹೊದಿಸಿ ಎಣ್ಣೆಯಲ್ಲಿ ಮುಳುಗಿಸಿದ ಮೀನು ಈ ಲೆಕ್ಕಕ್ಕೆ ಬರುವುದಿಲ್ಲ. ಮೀನು ತಿನ್ನದ ಮನೆಗಳಿಗೆ ಹೆಸರುಕಾಳು, ಹುರುಳಿ, ಮೊಸರು ಇವೆ. ತಂಬುಳಿ ಅನ್ನಕ್ಕೆ ಜೊತೆ ನಿಜ, ಆದರೆ ತಂಬುಳಿ ಒಂದರಿಂದಲೇ ಊಟ ಮುಗಿಸಿದರೆ ಅಲ್ಲಿ ಪ್ರೋಟೀನ್ ಎಲ್ಲಿದೆ?

ಘಟ್ಟದವರು ತಪ್ಪದೆ ಕೇಳುವ ಪ್ರಶ್ನೆ: ‘ಸಕ್ಕರೆ ಬಿಟ್ಟಿದ್ದೇನೆ ಡಾಕ್ಟ್ರೇ, ಬೆಲ್ಲ ಆಗಬಹುದಲ್ಲ?’ ಆಗದು. ತೆಳ್ಳೇವಿನ ಮೇಲೆ ಸುರಿದುಕೊಳ್ಳುವ ಜೋನಿಬೆಲ್ಲ ಎಷ್ಟೇ ಮನೆಯ ಆಲೆಯದಾಗಿರಲಿ, ರಕ್ತಕ್ಕೆ ಸೇರಿದ ಮೇಲೆ ಅದೂ ಸಕ್ಕರೆಯೇ. ಆಲೆಮನೆಗೆ ಹೋಗಿ ಬರಿಗೈಯಲ್ಲಿ ಬನ್ನಿ ಎಂದು ಹೇಳುವಷ್ಟು ಕ್ರೂರಿ ನಾನಲ್ಲ. ಒಂದು ತೊಡದೇವು ತಿನ್ನಿ, ಲೋಟಗಟ್ಟಲೆ ಕಬ್ಬಿನ ಹಾಲು ಬೇಡ, ಆ ದಿನದ ಅನ್ನ ಕಡಿಮೆ ಮಾಡಿ. ವರ್ಷಕ್ಕೊಂದು ಆಲೆಮನೆಗಿಂತ ದಿನಕ್ಕೆ ಐದು ಚಹಾ ಹೆಚ್ಚು ಅಪಾಯ. ಲೋಟಕ್ಕೆ ಎರಡು ಚಮಚ ಎಂದರೆ ದಿನಕ್ಕೆ ಹತ್ತು ಚಮಚ ಸಕ್ಕರೆ, ಅದೂ ‘ನಾನು ಸಿಹಿಯನ್ನೇ ತಿನ್ನುವುದಿಲ್ಲ’ ಎನ್ನುವವರ ಹೊಟ್ಟೆಗೆ.

ಇದೆಲ್ಲ ಮಾಡಿದರೆ ನಿಜವಾಗಿ ತಡೆಯಬಹುದೇ? ಚೆನ್ನೈನಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನ ನನಗೆ ಇಂದಿಗೂ ಪ್ರಿಯ. ಮಧುಮೇಹದ ಹೊಸ್ತಿಲಲ್ಲಿದ್ದ 531 ಜನರನ್ನು ಸುಮಾರು ಮೂರು ವರ್ಷ ಹಿಂಬಾಲಿಸಿದರು. ಮಾಮೂಲಿ ಸಲಹೆ ಮಾತ್ರ ಪಡೆದವರಲ್ಲಿ ನೂರಕ್ಕೆ 55 ಜನ ರೋಗಿಗಳಾದರು. ಊಟ ಮತ್ತು ನಡಿಗೆಯ ಬಗ್ಗೆ ಬೆನ್ನುಹತ್ತಿ ನೆನಪಿಸಲ್ಪಟ್ಟವರಲ್ಲಿ 39. ಮಾಯವೇನೂ ಅಲ್ಲ, ಆದರೆ ಆ ಹದಿನಾರು ಜನರಲ್ಲಿ ನಿಮ್ಮ ಅಕ್ಕ ಒಬ್ಬಳಾಗಿರಬಹುದು. ಆ ಗುಂಪಿಗೆ ಸಿಕ್ಕದ್ದು ಅದ್ಭುತ ಔಷಧವಲ್ಲ, ಮತ್ತೆ ಮತ್ತೆ ವಿಚಾರಿಸುವ ಮನುಷ್ಯರು. ನಿಮ್ಮ ಸಂಘದ ಹುಡುಗರು ಮಾಡಬಹುದಾದ ಕೆಲಸ ಇದೇ. ವಾರಕ್ಕೆ 150 ನಿಮಿಷ ಚುರುಕಾದ ನಡಿಗೆ ಎಂದು ಪುಸ್ತಕ ಹೇಳುತ್ತದೆ. ಜುಲೈ ಮಳೆಯಲ್ಲಿ ಎಲ್ಲಿ ನಡೆಯುವುದು ಎಂದು ಪುಸ್ತಕ ಹೇಳುವುದಿಲ್ಲ. ಶಾಲೆಯ ಉದ್ದ ಜಗಲಿ, ಸೂರಿರುವ ದೇವಸ್ಥಾನದ ಪ್ರಾಕಾರ, ಸಮುದಾಯ ಭವನ, ಇವುಗಳ ಬೀಗದ ಕೈ ಯಾರ ಬಳಿ ಇದೆ ಎಂದು ನಿಮಗೆ ಗೊತ್ತು. ಬೆಳಿಗ್ಗೆ ಆರಕ್ಕೆ ತೆರೆಸಿ. ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ನಡೆದರೂ ಆ ಹೊತ್ತಿನ ಸಕ್ಕರೆ ಇಳಿಯುತ್ತದೆ.

ಮಾತ್ರೆಯ ಪ್ರಶ್ನೆಗೆ ಸುಳ್ಳು ಸಮಾಧಾನ ಹೇಳಬೇಡಿ. ಹೆಚ್ಚಿನವರಿಗೆ ಮಾತ್ರೆ ದೀರ್ಘಕಾಲ ಬೇಕಾಗುತ್ತದೆ, ಹೌದು. ಆರಂಭದಲ್ಲೇ ತೂಕವನ್ನು ಚೆನ್ನಾಗಿ ಇಳಿಸಿದ ಕೆಲವರಿಗೆ ವೈದ್ಯರೇ ಕಡಿಮೆ ಮಾಡುತ್ತಾರೆ, ಬಿಡಿಸುವುದೂ ಉಂಟು. ಆದರೆ ಮಾತ್ರೆ ರೋಗವನ್ನು ಅಂಟಿಸುವುದಿಲ್ಲ. ಕನ್ನಡಕ ಹಾಕಿದ್ದರಿಂದ ಕಣ್ಣು ಮಂಜಾಯಿತು ಎನ್ನುವವರುಂಟೇ? ಜನ ಎಡವುವುದು ಬೇರೆ ಕಡೆ: ಮೂರು ತಿಂಗಳು ನುಂಗಿ, ವರದಿ ಸರಿ ಬಂದ ಕೂಡಲೇ ‘ಗುಣವಾಯಿತು’ ಎಂದು ನಿಲ್ಲಿಸುತ್ತಾರೆ. ವರದಿ ಸರಿ ಬಂದದ್ದೇ ಮಾತ್ರೆಯಿಂದ. ಮೆಟ್‌ಫಾರ್ಮಿನ್ ಮೊದಲ ವಾರ ಹೊಟ್ಟೆ ಕೆಡಿಸಬಹುದು, ಊಟದ ಜೊತೆ ತೆಗೆದುಕೊಂಡರೆ ಸಾಮಾನ್ಯವಾಗಿ ಹೊಂದಿಕೊಳ್ಳುತ್ತದೆ. ಗ್ಲಿಮೆಪಿರೈಡ್‌ನಂಥ ಮಾತ್ರೆ ನುಂಗಿ ಊಟ ಬಿಟ್ಟರೆ ಸಕ್ಕರೆ ಕುಸಿದು ಬೆವರು, ನಡುಕ, ಕಣ್ಣು ಕತ್ತಲೆ ಬರುತ್ತದೆ. ಆಗ ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬೇಡಿ, ವಾಹನ ಹತ್ತಿಸಿ. ಏಕಾದಶಿ ಹಿಡಿಯುವವರು, ಭಟ್ಕಳದ ಕಡೆ ರಂಜಾನ್ ಉಪವಾಸ ಮಾಡುವವರು ಸಾಕಷ್ಟು ಮೊದಲೇ ವೈದ್ಯರನ್ನು ಕಂಡು ಮಾತ್ರೆಯ ಹೊತ್ತು ಮತ್ತು ಪ್ರಮಾಣ ಬದಲಿಸಿಕೊಳ್ಳಬೇಕು. ಕಷಾಯ ಕುಡಿಯುವವರು ಕುಡಿಯಲಿ, ಆದರೆ ಏನು ಕುಡಿಯುತ್ತಿದ್ದೇವೆಂದು ವೈದ್ಯರಿಗೆ ಹೇಳಲಿ, ಮಾತ್ರೆ ಬಿಡದಿರಲಿ.

ಗರ್ಭಿಣಿಯರನ್ನು ಮರೆಯಬೇಡಿ. ಮೊದಲ ಭೇಟಿಯಲ್ಲಿ ಒಮ್ಮೆ, 24ರಿಂದ 28ನೆಯ ವಾರದೊಳಗೆ ಇನ್ನೊಮ್ಮೆ 75 ಗ್ರಾಂ ಗ್ಲುಕೋಸ್ ಕುಡಿಸಿ ಎರಡು ಗಂಟೆಯ ಬಳಿಕ ನೋಡುವುದು ಸರಕಾರದ ನಿಯಮ, 140 ಮುಟ್ಟಿದರೆ ಚಿಕಿತ್ಸೆ. ಹೆರಿಗೆಯಾದ ಮೇಲೆ ಆ ತಾಯಂದಿರ ಹೆಸರೂ ನಿಮ್ಮ ರಿಜಿಸ್ಟರಿನಲ್ಲಿ ಇರಲಿ, ಮುಂದೆ ಅವರಿಗೆ ರೋಗ ಬರುವ ಸಾಧ್ಯತೆ ಹೆಚ್ಚು. ಕ್ಷಯದ ಚಿಕಿತ್ಸೆಯಲ್ಲಿರುವವರ ಹೆಸರೂ ಅದೇ ರಿಜಿಸ್ಟರಿನಲ್ಲಿ ಇರಲಿ.

ಕೊನೆಯದಾಗಿ ಪಾದ. ಒಬ್ಬ ಮೀನು ಮಾರುವ ಹೆಂಗಸು ಜ್ವರವೆಂದು ನನ್ನ ಬಳಿ ಬಂದಿದ್ದಳು. ಕಾಲಿನ ಬಗ್ಗೆ ಒಂದು ಮಾತೂ ಹೇಳಲಿಲ್ಲ, ಏಕೆಂದರೆ ಕಾಲು ಅವಳಿಗೆ ಏನನ್ನೂ ಹೇಳಿರಲಿಲ್ಲ. ಕಾಲ್ಬೆರಳುಗಳ ಬುಡದಲ್ಲಿ ಚಿಪ್ಪಿಕಲ್ಲಿನ ಚೂರೊಂದು ಹೊಕ್ಕು ಎಷ್ಟು ದಿನವಾಗಿತ್ತೋ, ಸುತ್ತಲೂ ಕೀವು. ವರ್ಷಗಟ್ಟಲೆ ಏರಿದ್ದ ಸಕ್ಕರೆ ನರಗಳ ಸ್ಪರ್ಶವನ್ನೇ ತಿಂದುಹಾಕಿತ್ತು. ಎರಡು ಬೆರಳು ಹೋದವು, ಕಾಲು ಉಳಿಯಿತು. ಉಪ್ಪುನೀರಿನಲ್ಲಿ, ಮರಳಿನಲ್ಲಿ, ತೋಟದ ಕೆಸರಿನಲ್ಲಿ ಬರಿಗಾಲಲ್ಲಿ ನಡೆಯುವ ಜಿಲ್ಲೆ ನಮ್ಮದು. ನಿಮ್ಮ ಶಿಬಿರದಲ್ಲಿ ನಾಲ್ಕು ವರ್ಷವೂ ಎಲ್ಲರ ಕೈ ನೋಡಿದಿರಿ, ಕಾಲು ನೋಡಿದಿರಾ? ಸಕ್ಕರೆ ಇರುವವರು ದಿನಾ ರಾತ್ರಿ ಪಾದದ ಅಡಿಯನ್ನು ಮನೆಯವರಿಗೆ ತೋರಿಸಲಿ, ವರ್ಷಕ್ಕೊಮ್ಮೆ ಕಣ್ಣಿನ ಪರದೆ ಮತ್ತು ಮೂತ್ರಪಿಂಡದ ಪರೀಕ್ಷೆ ಆಗಲಿ. ತಾಲೂಕು ಆಸ್ಪತ್ರೆಯ ಅಸಾಂಕ್ರಾಮಿಕ ರೋಗಗಳ ಚಿಕಿತ್ಸಾಲಯದಲ್ಲಿ ಕೇಳಿ, ಅಲ್ಲಿ ಆಗದ್ದಕ್ಕೆ ಕಾರವಾರದ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ. ತಿಂಗಳಿಗೊಂದು ದಿನ ಹತ್ತು ಜನರನ್ನು ಒಟ್ಟಿಗೆ ಕರೆದೊಯ್ಯುವ ಟೆಂಪೊ ಬಾಡಿಗೆಗೆ ನಿಮ್ಮ ಶಾಮಿಯಾನದ ದುಡ್ಡು ಬಳಸಿ. ಮೇಲೆ ‘ಉಳಿದದ್ದು’ ಎಂದೆನಲ್ಲ, ಅದು ಇದಕ್ಕೆ.

ಮುಂದಿನ ನವೆಂಬರಿನ ಶಿಬಿರವನ್ನು ಬಿಟ್ಟುಬಿಡಿ. ಬರುವ ಭಾನುವಾರವೇ ಆಶಾಳನ್ನು ಕರೆದು, ಹಳೆಯ ನಾಲ್ಕು ವರ್ಷದ ಹಾಳೆಗಳೊಂದಿಗೆ ಸಂಘದ ಕೋಣೆಯಲ್ಲಿ ಕುಳಿತುಕೊಳ್ಳಿ. ಮೊದಲ ಪುಟಗಳಲ್ಲಿ ಎರಡು ವರ್ಷವೂ ಸಾಲಿನಲ್ಲಿ ನಿಂತಿದ್ದವರ ಹೆಸರು ಬರಲಿ. ಬೋಟುಗಳು ದಡಕ್ಕೆ ಬರುವ ಜೂನ್ ಒಂದರ ಹೊತ್ತಿಗೆ ಎಷ್ಟು ಪುಟ ತುಂಬಿತು, ಎಷ್ಟು ಜನ ಎರಡನೆಯ ಪರೀಕ್ಷೆಗೆ ಹೋದರು ಎಂದು ನನಗೆ ಬರೆಯಿರಿ. ಫೋಟೊ ಬೇಕಿಲ್ಲ.